ಆರು ಮಂದಿಯ ಶೂರಾ ಮತ್ತು ಪಟ್ಟಿಯಲ್ಲಿ ಇಲ್ಲದ ಹೆಸರುಗಳು

ಹಿಜರಿ 23, ದುಲ್‌ಹಜ್ಜ್ ತಿಂಗಳು. ಕ್ರಿಸ್ತಶಕ 644. ಮದೀನಾದ ಮಸೀದಿಯಲ್ಲಿ ಫಜ್ರ್ ನಮಾಝ್‌ಗೆ ಇಮಾಮರಾಗಿ ನಿಂತಿದ್ದ ಹಝ್ರತ್ ಉಮರ್(ರ)ರನ್ನು ಇರಿಯಲಾಯಿತು. ಇನ್ನು ಉಳಿಯುವುದಿಲ್ಲವೆಂದು ತಿಳಿದಾಗ ಅವರು ಆರು ಮಂದಿಯ ಶೂರಾ ಮಂಡಳಿಯನ್ನು ನೇಮಿಸಿದರು. ಉಸ್ಮಾನ್, ಅಲಿ, ತಲ್ಹಾ, ಝುಬೈರ್, ಸಅದ್ ಬಿನ್ ಅಬೀ ವಕ್ಕಾಸ್ ಮತ್ತು ಅಬ್ದುರ್ರಹ್ಮಾನ್ ಬಿನ್ ಔಫ್(ರ). ಇವರು ತಮ್ಮೊಳಗಿನ ಒಬ್ಬರನ್ನು ಮೂರು ದಿನಗಳಲ್ಲಿ ಖಲೀಫರಾಗಿ ಆರಿಸಬೇಕಿತ್ತು. ಅಲ್ಲಿಯವರೆಗೆ ನಮಾಝ್‌ನ ನೇತೃತ್ವ ಹಿಂದೆ ಗುಲಾಮರಾಗಿದ್ದ ಸುಹೈಬ್ ರೂಮಿ(ರ)ಯವರಿಗೆ. ಪ್ರವಾದಿ(ಸ)ರು ವಫಾತಾಗುವಾಗ ಈ ಆರು ಮಂದಿಯ ಬಗ್ಗೆ ಸಂತೃಪ್ತರಾಗಿದ್ದರು ಎಂಬುದೇ ಉಮರ್(ರ) ನೀಡಿದ ಕಾರಣ.

ಈ ಹೆಸರುಗಳು ನಮ್ಮ ಮದ್ರಸಾ ಮಕ್ಕಳಿಗೂ ಬಾಯಿಪಾಠ. ಬಿಟ್ಟುಹೋದ ಹೆಸರುಗಳ ಬಗ್ಗೆ ನಾವು ಯೋಚಿಸುವುದು ಕಡಿಮೆ.

ಸಈದ್ ಬಿನ್ ಝೈದ್(ರ) ಆಗ ಬದುಕಿದ್ದರು. ಸ್ವರ್ಗದ ಸುವಾರ್ತೆ ಪಡೆದ ಹತ್ತು ಮಂದಿಯಲ್ಲಿ ಅವರೂ ಒಬ್ಬರು. ಅರ್ಹತೆಯಲ್ಲಿ ಕೊರತೆಯೇನೂ ಇರಲಿಲ್ಲ. ಆದರೆ ಅವರು ಉಮರ್(ರ)ರ ವಂಶದವರು, ಅವರ ಸಹೋದರಿ ಫಾತಿಮಾರ ಪತಿ. ಅವರನ್ನು ಕೈಬಿಟ್ಟದ್ದು ಈ ಸಂಬಂಧದ ಕಾರಣಕ್ಕೇ ಎಂದು ವಿದ್ವಾಂಸರು ಹೇಳುತ್ತಾರೆ. ಮಗ ಅಬ್ದುಲ್ಲಾರ ಹೆಸರನ್ನು ಒಬ್ಬರು ಸೂಚಿಸಿದಾಗ ಉಮರ್(ರ) ಗದರಿದರು. ಅಬ್ದುಲ್ಲಾ ಸಭೆಯಲ್ಲಿ ಕೂರಬಹುದು, ಸಲಹೆ ಹೇಳಬಹುದು, ಅಧಿಕಾರದಲ್ಲಿ ಮಾತ್ರ ಪಾಲಿಲ್ಲ ಎಂದರು.

ಸಂಬಂಧಿಕನೆಂದು ಅರ್ಹನನ್ನೇ ಬಿಡುವುದು ನ್ಯಾಯವೇ ಎಂದು ಯುವಕರು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಸಈದ್(ರ)ರಿಗೆ ಅವಕಾಶ ತಪ್ಪಿತು, ನಿಜ. ಆದರೆ ಇದು ಖಲೀಫರು ತಮ್ಮ ಮನೆಯವರಿಗಾಗಿ ಕಟ್ಟಿದ ಮಂಡಳಿ ಎಂದು ಬಾಯಿ ತೆರೆಯಲು ಯಾರಿಗೂ ಅವಕಾಶ ಉಳಿಯಲಿಲ್ಲ. ಅಮಾನತ್ತನ್ನು ಅದರ ಹಕ್ಕುದಾರರಿಗೆ ಒಪ್ಪಿಸಿರೆಂಬ ಸೂರಃ ಅನ್ನಿಸಾದ 58ನೇ ಆಯತ್ ಹುದ್ದೆಗಳಿಗೂ ಅನ್ವಯಿಸುತ್ತದೆ. ನಮ್ಮ ರಾಜ್ಯದಲ್ಲಿ ನಿಗಮ ಮಂಡಳಿಗಳ ಪಟ್ಟಿ ಹೊರಬಂದಾಗ ನಾವು ಕೇಳುವುದೇನು? ಮಂತ್ರಿಗಿರಿ ತಪ್ಪಿದವರು ಯಾರು, ಯಾವ ನಾಯಕರ ಕಡೆಯವರು ಎಂದು. ಆ ಕೆಲಸ ಗೊತ್ತಿದೆಯೇ ಎಂದು ಕೇಳುವವರು ವಿರಳ. ಜಮಾಅತ್ ಕಮಿಟಿಗಳಲ್ಲೂ ಇದು ಇಲ್ಲವೆನ್ನಲಾರೆ.

ಸಅದ್(ರ)ರ ಹೆಸರು ಪಟ್ಟಿಯಲ್ಲಿದ್ದುದು ಇನ್ನೂ ಗಮನಾರ್ಹ. ಕಾದಿಸಿಯ್ಯಾ ಯುದ್ಧದ ದಂಡನಾಯಕ, ಕೂಫಾ ಪಟ್ಟಣ ಕಟ್ಟಿದವರು. ಅಲ್ಲಿನ ಜನ ಅವರ ಮೇಲೆ ದೂರು ತಂದರು. ನಮಾಝ್ ಕೂಡ ಸರಿಯಾಗಿ ಮಾಡಿಸುವುದಿಲ್ಲ ಎನ್ನುವವರೆಗೆ! ಉಮರ್(ರ) ಅವರನ್ನು ತೆಗೆದು ಅಮ್ಮಾರ್(ರ)ರನ್ನು ನೇಮಿಸಿದರು. ಸಅದ್‌ರನ್ನು ಕರೆಸಿ ಅವರ ಮಾತನ್ನೂ ಕೇಳಿದರು. ಬಳಿಕ ಜನರನ್ನು ಕಳಿಸಿ ಕೂಫಾದ ಮಸೀದಿ ಮಸೀದಿಗೂ ಹೋಗಿ ವಿಚಾರಿಸಿದರು. ಒಂದು ಮಸೀದಿಯಲ್ಲಿ ಒಬ್ಬನನ್ನು ಬಿಟ್ಟರೆ ಉಳಿದವರೆಲ್ಲ ಹೊಗಳಿದರು.

ಮರಣಶಯ್ಯೆಯಲ್ಲಿ ಉಮರ್(ರ) ಇದನ್ನು ಮರೆಯಲಿಲ್ಲ. ಅಸಾಮರ್ಥ್ಯಕ್ಕಾಗಲಿ ವಂಚನೆಗಾಗಲಿ ನಾನು ಸಅದ್‌ರನ್ನು ತೆಗೆದದ್ದಲ್ಲ, ಮುಂದೆ ಬರುವವರು ಅವರ ನೆರವು ಪಡೆಯಲಿ ಎಂದು ಬಹಿರಂಗವಾಗಿ ಹೇಳಿದರು.

ಶೂರಾದಲ್ಲಿ ಅಬ್ದುರ್ರಹ್ಮಾನ್(ರ) ಮೊದಲು ತಮ್ಮ ಹೆಸರನ್ನು ಹಿಂದಕ್ಕೆ ಪಡೆದರು, ಆಮೇಲೆ ಆರಿಸುವ ಹೊಣೆ ಹೊತ್ತರು. ರಾತ್ರಿಯಿಡೀ ಜನರ ಅಭಿಪ್ರಾಯ ಕೇಳಿದರು. ಆಯ್ಕೆಯಾದ ಉಸ್ಮಾನ್(ರ) ಕೂಫಾಕ್ಕೆ ಗವರ್ನರರಾಗಿ ಕಳಿಸಿದ್ದು ಅದೇ ಸಅದ್(ರ)ರನ್ನು.