ಅಳೆಯುವ ದೀಪ, ಎಣಿಸುವ ದೀಪ

ಕಾರಿನ ಕೀಲಿ ತಿರುಗಿಸಿದೊಡನೆ ಡ್ಯಾಶ್‌ಬೋರ್ಡಿನ ಮೇಲೆ ಹಲವು ಪುಟ್ಟ ದೀಪಗಳು ಹೊತ್ತಿಕೊಂಡು, ಎಂಜಿನ್ ಚಾಲೂ ಆದ ಕೆಲವೇ ಕ್ಷಣಗಳಲ್ಲಿ ಆರಿಹೋಗುವುದನ್ನು ನೀವು ಗಮನಿಸಿರಬಹುದು. ಅವುಗಳಲ್ಲಿ ಒಂದು ಆರದೆ ಉಳಿದರೆ? ಭೌತವಿಜ್ಞಾನವನ್ನೇ ಕಲಿಸುವ ನನ್ನ ಸಹೋದ್ಯೋಗಿಯೊಬ್ಬರು ಒಮ್ಮೆ ಎಣ್ಣೆ ಗಿಂಡಿಯ ಚಿತ್ರವಿದ್ದ ಕೆಂಪು ದೀಪವನ್ನು ಕಂಡು, ಅದು ಸರ್ವೀಸಿನ ಜ್ಞಾಪನೆ ಇರಬೇಕೆಂದುಕೊಂಡು, ಭಾನುವಾರ ನೋಡಿಕೊಂಡರಾಯಿತೆಂದು ಕಾರು ಓಡಿಸಿದರು. ಕಾಲೇಜು ಇನ್ನೂ ಎರಡು ಕಿ.ಮೀ. ದೂರವಿರುವಾಗಲೇ ಎಂಜಿನ್ ಸೀಜ್ ಆಯಿತು. ಅವರ ತಪ್ಪು ಇಷ್ಟೇ: ಅಳೆಯುವ ದೀಪವನ್ನು ಎಣಿಸುವ ದೀಪವೆಂದು ತಿಳಿದದ್ದು. ಈ ಎರಡು ಬಗೆಯ ದೀಪಗಳು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕಾರಣಗಳಿಗಾಗಿ ಹುಟ್ಟಿದವು.

ಮುಳ್ಳಿನಿಂದ ದೀಪಕ್ಕೆ

ಆರಂಭದ ಕಾರುಗಳಲ್ಲಿ ಎಂಜಿನ್ನಿನ ಆರೋಗ್ಯವನ್ನು ಚಾಲಕನೇ ಕಣ್ಣು, ಕಿವಿ, ಮೂಗುಗಳಿಂದ ಅರಿಯಬೇಕಿತ್ತು. 1910ರ ದಶಕದಲ್ಲಿ ಬಾಯ್ಸ್ ಮೋಟೋಮೀಟರ್ ಎಂಬ ಉಷ್ಣತಾಮಾಪಕ ಜನಪ್ರಿಯವಾಯಿತು. ಅದನ್ನು ಕೂರಿಸುತ್ತಿದ್ದುದು ಕಾರಿನ ಮುಂದೆ, ರೇಡಿಯೇಟರಿನ ಮುಚ್ಚಳದ ಮೇಲೆ! ಕ್ರಮೇಣ ಮುಳ್ಳಿನ ಮಾಪಕಗಳು ಡ್ಯಾಶ್‌ಬೋರ್ಡಿಗೆ ಬಂದವು. 1930ರ ದಶಕದಲ್ಲಿ ಅಮೆರಿಕದ ಹಡ್ಸನ್ ಕಂಪನಿ ಎಣ್ಣೆಯ ಒತ್ತಡದ ಮಾಪಕದ ಬದಲು ಕೆಂಪು ದೀಪವನ್ನು ಬಳಸತೊಡಗಿತು. ಅಗ್ಗವಾದ ಈ ಉಪಾಯವನ್ನು ಉಳಿದವರೂ ಅನುಸರಿಸಿದರು. ಮುಳ್ಳನ್ನು ಓದಬಲ್ಲ ಚಾಲಕರು ಮಾತ್ರ ಇದನ್ನು 'ಮೂರ್ಖರ ದೀಪ' ಎಂದು ಹೀಗಳೆದರು.

ಅವರ ಆಕ್ಷೇಪದಲ್ಲಿ ಹುರುಳಿತ್ತು. ಈ ದೀಪದ ಹಿಂದಿರುವುದು ಒಂದು ಸ್ಪ್ರಿಂಗ್, ಒಂದು ತೆಳು ಪೊರೆ ಹಾಗೂ ಒಂದು ಸ್ವಿಚ್. ಎಣ್ಣೆಯ ಒತ್ತಡ ಪೊರೆಯನ್ನು ತಳ್ಳುತ್ತಿರುವವರೆಗೆ ಸ್ವಿಚ್ ತೆರೆದಿರುತ್ತದೆ; ಒತ್ತಡ ನಿಗದಿತ ಮಟ್ಟಕ್ಕಿಂತ ಕುಸಿದಾಗ ಮಂಡಲ ಪೂರ್ಣಗೊಂಡು ದೀಪ ಉರಿಯುತ್ತದೆ. ಮುಳ್ಳಾದರೋ ಒತ್ತಡ ಇಳಿಯುತ್ತಿರುವುದನ್ನು ಮೊದಲೇ ತೋರಿಸುತ್ತಿತ್ತು. ದೀಪ ಹೇಳುವುದು ಕುಸಿದ ಮೇಲೆಯೇ. ಆದ್ದರಿಂದ ಅದು ಉರಿದಾಗ ಉಳಿದಿರುವ ಸಮಯ ಬಹಳ ಕಡಿಮೆ. ಎಣ್ಣೆಯ ಪದರ ಇಲ್ಲವಾದರೆ ಲೋಹಕ್ಕೆ ಲೋಹ ಉಜ್ಜಿ, ಘರ್ಷಣೆಯ ಶಾಖದಿಂದ ಬೇರಿಂಗುಗಳು ಹಾಳಾಗುತ್ತವೆ.

ಹೊಗೆಯಿಂದ ಹುಟ್ಟಿದ ಜ್ಞಾಪನೆ

ಎಣಿಸುವ ದೀಪದ ಕಥೆಯಲ್ಲಿ ವಾಯುಮಾಲಿನ್ಯದ ಪಾತ್ರ ದೊಡ್ಡದು. ಲಾಸ್ ಏಂಜಲಿಸ್ ನಗರವನ್ನು ಮುಸುಕುತ್ತಿದ್ದ ಹೊಗೆಮಂಜಿಗೆ, ವಾಹನಗಳೂ ಕಾರ್ಖಾನೆಗಳೂ ಉಗುಳುವ ಹೈಡ್ರೊಕಾರ್ಬನ್‌ಗಳು ಮತ್ತು ನೈಟ್ರೊಜನ್ ಆಕ್ಸೈಡುಗಳ ಮೇಲೆ ಬಿಸಿಲು ನಡೆಸುವ ಕ್ರಿಯೆಯೇ ಕಾರಣವೆಂದು ಆರೀ ಹಾಗನ್-ಸ್ಮಿಟ್ 1950ರ ದಶಕದ ಆರಂಭದಲ್ಲಿ ತೋರಿಸಿದರು. 1970ರಲ್ಲಿ ಅಮೆರಿಕದ ಕಾನೂನು ಬಿಗಿಯಾಯಿತು. 1975ರ ಮಾದರಿಗಳಲ್ಲಿ ಕ್ಯಾಟಲಿಟಿಕ್ ಕನ್ವರ್ಟರ್ ಬಂದಿತು. 1976ರಲ್ಲಿ ಬಾಷ್ ಕಂಪನಿಯ ಆಮ್ಲಜನಕ ಸಂವೇದಕ ವೋಲ್ವೊ ಕಾರಿನಲ್ಲಿ ಬಳಕೆಗೆ ಬಂದಿತು. ಜರ್ಕೋನಿಯ ಪಿಂಗಾಣಿಯ ಈ ಸಂವೇದಕ ಒಂದು ವಿದ್ಯುತ್ಕೋಶ. ಹೊರಗಿನ ಗಾಳಿ ಮತ್ತು ಹೊಗೆಯ ನಡುವಿನ ಆಮ್ಲಜನಕದ ವ್ಯತ್ಯಾಸಕ್ಕೆ ತಕ್ಕಂತೆ, ನರ್ನ್‌ಸ್ಟ್ ಸೂತ್ರದ ಪ್ರಕಾರ, ಸುಮಾರು 0.1ರಿಂದ 0.9 ವೋಲ್ಟ್ ಕೊಡುತ್ತದೆ.

ಸಂವೇದಕಕ್ಕೂ ಮುಪ್ಪು ಬರುತ್ತದೆ. ಅದನ್ನು ಪರೀಕ್ಷಿಸುವ ಸಾಮರ್ಥ್ಯ ಅಂದಿನ ಕಾರಿಗಿರಲಿಲ್ಲ. ಆದ್ದರಿಂದ ಎಂಜಿನಿಯರುಗಳು ವೇಗಮಾಪಕದ ಕೇಬಲ್ಲಿಗೆ ಹಲ್ಲುಚಕ್ರಗಳ ಎಣಿಕೆ ಪೆಟ್ಟಿಗೆಯೊಂದನ್ನು ಜೋಡಿಸಿದರು. ಕೆಲವು ಜರ್ಮನ್ ಕಾರುಗಳಲ್ಲಿ 30,000 ಮೈಲಿ, ಅಂದರೆ ಸುಮಾರು 48,000 ಕಿ.ಮೀ. ತುಂಬಿದೊಡನೆ ದೀಪ ಹೊತ್ತುತ್ತಿತ್ತು. ಸಂವೇದಕ ಚೆನ್ನಾಗಿದ್ದರೂ ಹೊತ್ತುತ್ತಿತ್ತು. ಮೊದಲೇ ಕೆಟ್ಟಿದ್ದರೆ ಸುಮ್ಮನಿರುತ್ತಿತ್ತು! ಪೆಟ್ಟಿಗೆಯ ಗುಂಡಿ ಒತ್ತಿದರೆ ಎಣಿಕೆ ಮತ್ತೆ ಸೊನ್ನೆಯಿಂದ ಆರಂಭ.

ತೂಕ ಹಾಕಿ ಎಣಿಸುವುದು

1980ರ ದಶಕದಲ್ಲಿ ಎಣಿಕೆ ಜಾಣತನ ಕಲಿಯಿತು. ಬಿಎಂಡಬ್ಲ್ಯೂ ಕಾರುಗಳಲ್ಲಿ ಹಸಿರು ದೀಪಗಳ ಸಾಲು ಒಂದೊಂದಾಗಿ ಆರುತ್ತ ಬಂದು, ಕೊನೆಗೆ ಹಳದಿ, ಆಮೇಲೆ ಕೆಂಪು ಹೊತ್ತುತ್ತಿತ್ತು. ಜನರಲ್ ಮೋಟಾರ್ಸ್‌ನ ಶರ್ಲಿ ಶ್ವಾರ್ಟ್ಸ್ ಮತ್ತು ಡೊನಾಲ್ಡ್ ಸ್ಮೊಲೆನ್‌ಸ್ಕಿ ರೂಪಿಸಿದ ವ್ಯವಸ್ಥೆ 1988ರ ಮಾದರಿಯ ಓಲ್ಡ್ಸ್‌ಮೊಬೀಲ್ ಕಾರಿನಲ್ಲಿ ಬಂದಿತು. ಅದು ಎಂಜಿನ್ನಿನ ಸುತ್ತುಗಳನ್ನು ಎಣಿಸಿ, ಎಣ್ಣೆಯ ಉಷ್ಣತೆಗೆ ತಕ್ಕಂತೆ ತೂಕ ಹಾಕುತ್ತಿತ್ತು. ಅತಿ ಬಿಸಿಯಲ್ಲಿ ಎಣ್ಣೆ ಬೇಗ ಉತ್ಕರ್ಷಣಗೊಳ್ಳುತ್ತದೆ. ಚಳಿಯಲ್ಲಿ ಸಣ್ಣ ದೂರ ಓಡಿಸಿ ನಿಲ್ಲಿಸಿದರೆ ನೀರಿನಂಶವೂ ಇಂಧನದ ಅಂಶವೂ ಆವಿಯಾಗದೆ ಎಣ್ಣೆಯಲ್ಲೇ ಉಳಿಯುತ್ತವೆ. ಹೀಗಾಗಿ ಹೆದ್ದಾರಿಯಲ್ಲಿ ಒಂದೇ ಸಮನೆ ಓಡುವ ಕಾರಿಗಿಂತ, ದಿನವೂ ಪೇಟೆಗೆ ಹೋಗಿಬರುವ ಕಾರಿನ ಎಣ್ಣೆ ಕಡಿಮೆ ದೂರದಲ್ಲೇ ಸವೆಯಬಹುದು. ಆದರೂ ಈ ಗಣಕ ಎಣ್ಣೆಯನ್ನು ನೋಡುವುದಿಲ್ಲ, ಊಹಿಸುತ್ತದೆ ಎಂಬುದನ್ನು ಮರೆಯಬಾರದು.

ಸಂವೇದಕಗಳನ್ನು ಕಾರೇ ಪರೀಕ್ಷಿಸಿಕೊಳ್ಳುವ ವ್ಯವಸ್ಥೆಯನ್ನು ಕ್ಯಾಲಿಫೋರ್ನಿಯ 1988ರ ಮಾದರಿಗಳಿಂದ ಕಡ್ಡಾಯಗೊಳಿಸಿತು. ಅದರ ಸುಧಾರಿತ ರೂಪ ಒಬಿಡಿ-2 ಅಮೆರಿಕದಾದ್ಯಂತ 1996ರಲ್ಲಿ, ಭಾರತದಲ್ಲಿ 2013ರಲ್ಲಿ ಜಾರಿಗೆ ಬಂದಿತು. ಎಂಜಿನ್ ಚಿತ್ರದ ಹಳದಿ ದೀಪ ಇದರದು. ಇದೂ ಅಳೆಯುವ ದೀಪವೇ.

ನೀವು ಮಾಡಬೇಕಾದದ್ದು

ಕೆಂಪು ಎಣ್ಣೆ ಗಿಂಡಿ ಕಂಡರೆ ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ, ಮೆಕ್ಯಾನಿಕ್‌ಗೆ ಕರೆ ಮಾಡಿ. ಎಂಜಿನ್ ದೀಪ ಸ್ಥಿರವಾಗಿ ಉರಿದರೆ ಬೇಗ ತಪಾಸಣೆ ಮಾಡಿಸಿ. ಮಿನುಗಿದರೆ ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಿ, ಏಕೆಂದರೆ ಉರಿಯದ ಇಂಧನ ಕನ್ವರ್ಟರನ್ನು ಸುಡಬಹುದು. ಸ್ಪ್ಯಾನರ್ ಚಿತ್ರ ಅಥವಾ 'ಸರ್ವೀಸ್' ಎಂಬ ಬರಹ ಬಂದರೆ ಗಾಬರಿ ಬೇಡ. ಕೈಪಿಡಿಯಲ್ಲಿ ಹೇಳಿದ ಕಿ.ಮೀ. ಅಥವಾ ತಿಂಗಳು, ಯಾವುದು ಮೊದಲೋ ಅದರೊಳಗೆ ಸರ್ವೀಸ್ ಮಾಡಿಸಿ. ಎಣ್ಣೆ ಬದಲಿಸಿಯೂ ದೀಪ ಉಳಿದಿದ್ದರೆ ಎಣಿಕೆಯನ್ನು ಸೊನ್ನೆಗೆ ತರಲು ಮೆಕ್ಯಾನಿಕ್ ಮರೆತಿರಬಹುದು. ಎಣ್ಣೆ ಬದಲಿಸದೆ ದೀಪವನ್ನಷ್ಟೇ ಆರಿಸುವುದು ಮಾತ್ರ ಅಪಾಯ. ಲೆಕ್ಕ ಸೊನ್ನೆಯಾಗುತ್ತದೆ, ಎಣ್ಣೆ ಹೊಸದಾಗುವುದಿಲ್ಲ. ದೀಪ ಆರಿದ್ದರೂ ಆಗಾಗ ಡಿಪ್‌ಸ್ಟಿಕ್ ತೆಗೆದು ಎಣ್ಣೆಯ ಮಟ್ಟ ನೋಡುವ ಅಭ್ಯಾಸ ಇರಲಿ.

ಶಿಕ್ಷಕರು ಇದನ್ನೊಂದು ತರಗತಿಯ ಚಟುವಟಿಕೆಯಾಗಿಸಬಹುದು. ಮನೆ, ಶಾಲೆ, ವಾಹನಗಳಲ್ಲಿರುವ ಸೂಚಕ ದೀಪಗಳನ್ನು ವಿದ್ಯಾರ್ಥಿಗಳು ಪಟ್ಟಿ ಮಾಡಲಿ. ನೀರು ಶುದ್ಧೀಕರಿಸುವ ಯಂತ್ರದ 'ಫಿಲ್ಟರ್ ಬದಲಿಸಿ' ದೀಪ ನೀರನ್ನು ಪರೀಕ್ಷಿಸುತ್ತಿದೆಯೇ, ಬರಿಯ ಲೀಟರುಗಳನ್ನೋ ಗಂಟೆಗಳನ್ನೋ ಎಣಿಸುತ್ತಿದೆಯೇ? ಉತ್ತರವನ್ನು ಅವರೇ ಹುಡುಕಲಿ.