ನೂರಕ್ಕೆ ಎಷ್ಟು ಮಂದಿ ಗುಣವಾದರು? ಕ್ಷಯದ ಲೆಕ್ಕದಲ್ಲಿ ನಮ್ಮ ಜಿಲ್ಲೆ

ಶೇಕಡಾ ಲೆಕ್ಕವನ್ನು ನಾವು ಮಕ್ಕಳಿಗೆ ಕಲಿಸುತ್ತೇವೆ. ಒಂದು ದೇಶ ಕ್ಷಯರೋಗಕ್ಕೆ ಎಷ್ಟು ಚೆನ್ನಾಗಿ ಚಿಕಿತ್ಸೆ ಕೊಡುತ್ತಿದೆ ಎಂದು ಅಳೆಯುವುದೂ ಇದೇ ಲೆಕ್ಕದಿಂದಲೇ. ಆ ಲೆಕ್ಕದ ಇತಿಹಾಸದಲ್ಲಿ ನಮ್ಮ ಗಡಿನಾಡಿನ ಹೆಸರೂ ಇದೆ.

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅದರ ಸಂಶೋಧಕರು ನಮ್ಮ ನೆರೆಯ ತುಮಕೂರು ಜಿಲ್ಲೆಯ ಹಳ್ಳಿಗಳನ್ನು ಸುತ್ತಿದರು. ಹಳ್ಳಿಯವರು ಆಸ್ಪತ್ರೆಗೆ ಹೋಗುವುದಿಲ್ಲ ಎಂಬ ಮಾತು ಸುಳ್ಳಾಯಿತು. ರೋಗಿಗಳಲ್ಲಿ ಅರ್ಧದಷ್ಟು ಜನ ಆಗಲೇ ಆಸ್ಪತ್ರೆಗೆ ಹೋಗಿದ್ದರು. ಆದರೆ ಬಹಳ ಮಂದಿ ಕೆಮ್ಮಿನ ಔಷಧಿಯ ಬಾಟಲಿ ಹಿಡಿದು ವಾಪಸಾಗಿದ್ದರು. ಹಾಗಾದರೆ ಊರ ಆಸ್ಪತ್ರೆಯಲ್ಲೇ ಕಫ ಪರೀಕ್ಷೆ ಮಾಡಿ, ಅಲ್ಲೇ ಮಾತ್ರೆ ಕೊಟ್ಟರಾಯಿತಲ್ಲವೇ? ಈ ಯೋಚನೆಯ ಮೇಲೆ 1961ರಲ್ಲಿ ದೇಶದ ಮೊದಲ ಮಾದರಿ ಜಿಲ್ಲಾ ಕ್ಷಯ ಕೇಂದ್ರ ರೂಪುಗೊಂಡದ್ದು ನಮ್ಮ ಅನಂತಪುರದಲ್ಲಿ. ಈಗ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿರುವ ಅಮರಾಪುರ, ಮಡಕಶಿರಾ ಆಗ ಅನಂತಪುರ ಜಿಲ್ಲೆಯಲ್ಲೇ ಇದ್ದವು.

ಅದೇ ಸಂಸ್ಥೆ 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳಲ್ಲಿ ಇನ್ನೊಂದು ಅಧ್ಯಯನ ನಡೆಸಿತು. ಅಲ್ಲಿ ವ್ಯವಸ್ಥಿತ ಚಿಕಿತ್ಸಾ ಕಾರ್ಯಕ್ರಮ ಇರಲಿಲ್ಲ. ಐದು ವರ್ಷದಲ್ಲಿ ನೂರು ರೋಗಿಗಳಲ್ಲಿ ಸುಮಾರು 49 ಮಂದಿ ತೀರಿಕೊಂಡರು, 18 ಮಂದಿಯ ಕಫದಲ್ಲಿ ರೋಗಾಣು ಉಳಿದಿತ್ತು, 33 ಮಂದಿ ಗುಣವಾಗಿದ್ದರು. ಚಿಕಿತ್ಸೆಯಿಂದ ಆದ ಲಾಭವನ್ನು ಹೋಲಿಸಿ ನೋಡಲು ಈ ಅಂಕಿಗಳೇ ಅಳತೆಗೋಲು.

ಮಾತ್ರೆ ಬಂದ ಮೇಲೂ ಕಷ್ಟ ತೀರಲಿಲ್ಲ. 1992ರಲ್ಲಿ ಕಾರ್ಯಕ್ರಮವನ್ನು ಪರಿಶೀಲಿಸಿದಾಗ, ಅರ್ಧಕ್ಕಿಂತ ಕಡಿಮೆ ರೋಗಿಗಳು ಮಾತ್ರ ಚಿಕಿತ್ಸೆ ಪೂರ್ತಿ ಮಾಡುತ್ತಿದ್ದುದು ಕಂಡುಬಂತು. 1993ರಲ್ಲಿ ಪ್ರಾಯೋಗಿಕವಾಗಿ ಶುರುವಾದ ಪರಿಷ್ಕೃತ ಕಾರ್ಯಕ್ರಮ ಲೆಕ್ಕದ ಕ್ರಮವನ್ನೇ ಬದಲಿಸಿತು. ಮೂರು ತಿಂಗಳಲ್ಲಿ ದಾಖಲಾದವರೆಲ್ಲ ಒಂದು ಗುಂಪು. ಕೊನೆಗೆ ಪ್ರತಿಯೊಬ್ಬರ ಹೆಸರಿನ ಮುಂದೆ ಬರೆಯಬೇಕು: ಗುಣವಾದರೇ, ಚಿಕಿತ್ಸೆ ಮುಗಿಸಿದರೇ, ತೀರಿಕೊಂಡರೇ, ಔಷಧಿ ಫಲಿಸಲಿಲ್ಲವೇ, ನಡುವೆ ಬಿಟ್ಟರೇ? ಮೊದಲಿನ ಎರಡು ಮಾತ್ರ ಯಶಸ್ಸು; ಭಾಗಿಸುವುದು ದಾಖಲಾದ ಎಲ್ಲರ ಸಂಖ್ಯೆಯಿಂದ. ಶೇಕಡಾ 85 ಗುಣಪಡಿಸುವುದು ಗುರಿಯಾಗಿತ್ತು. 2006ರ ಮಾರ್ಚ್ ಹೊತ್ತಿಗೆ ಈ ಕ್ರಮ ಇಡೀ ದೇಶವನ್ನು ಮುಟ್ಟಿತು.

ಆದರೂ ಒಂದು ಕೊರತೆ ಉಳಿದಿತ್ತು. ದಾಖಲಾಗದವನು ಲೆಕ್ಕಕ್ಕೇ ಸಿಗುವುದಿಲ್ಲ. ದಡ್ಡ ಮಕ್ಕಳನ್ನು ಪರೀಕ್ಷೆಗೇ ಕೂರಿಸದೆ ನೂರಕ್ಕೆ ನೂರು ಫಲಿತಾಂಶ ತೋರಿಸಿದ ಹಾಗೆ! ಖಾಸಗಿ ವೈದ್ಯರೂ ಕ್ಷಯರೋಗಿಗಳ ವಿವರವನ್ನು ಸರ್ಕಾರಕ್ಕೆ ಕೊಡಬೇಕೆಂಬ ಆದೇಶ ಬಂದದ್ದು 2012ರಲ್ಲಿ. ಆದ್ದರಿಂದ ಹಳೆಯ ವರ್ಷದ ಅಂಕಿಯನ್ನು ಹೊಸದರೊಂದಿಗೆ ಹೋಲಿಸುವಾಗ, ಯಾರನ್ನು ಎಣಿಸಿದ್ದರು ಎಂದು ಮೊದಲು ಕೇಳಬೇಕು.

ನಮ್ಮ ಊರುಗಳಿಂದ ಬೆಂಗಳೂರಿಗೆ ಕೂಲಿಗೆ ಹೋಗುವವರು ಬಹಳ. ಚಿಕಿತ್ಸೆ ಸಾಮಾನ್ಯವಾಗಿ ಆರು ತಿಂಗಳು. ಎರಡು ತಿಂಗಳಿಗೆ ಕೆಮ್ಮು ನಿಂತಿತೆಂದು ಮಾತ್ರೆ ಬಿಟ್ಟು ಊರು ಬಿಟ್ಟರೆ ರೋಗ ಮತ್ತೆ ಬರಬಹುದು, ಔಷಧಿಗೂ ಬಗ್ಗದಂತಾಗಬಹುದು. ಊರು ಬದಲಾದರೆ ಚಿಕಿತ್ಸೆಯನ್ನು ಅಲ್ಲಿಗೆ ವರ್ಗಾಯಿಸಿಕೊಳ್ಳಬಹುದು. ಪರೀಕ್ಷೆ, ಮಾತ್ರೆ ಎರಡೂ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ. ಎರಡು ವಾರ ದಾಟಿದ ಕೆಮ್ಮಿಗೆ ಕಫ ಪರೀಕ್ಷೆ ಮಾಡಿಸಿ ಎಂದು ಪೋಷಕರ ಸಭೆಯಲ್ಲಿ ನಾವು ಹೇಳೋಣ. ಶೇಕಡಾ ಲೆಕ್ಕ ಕಲಿಸುವಾಗ ಈ ಉದಾಹರಣೆಯನ್ನೂ ಕೊಡೋಣ.