ಹೃದಯದ ಬಾಗಿಲು: ಬಿಚ್ಚೋದಾ, ಬದಲಿಸೋದಾ?

ಇವತ್ತಿನ ಕಥೆ ಒಂದು ಬೆರಳಿನಿಂದ ಶುರುವಾಗುತ್ತೆ. 1925, ಲಂಡನ್. ಹೆನ್ರಿ ಸೂಟರ್ ಎಂಬ ಸರ್ಜನ್ ಮಿಡಿಯುತ್ತಿದ್ದ ಹೃದಯದೊಳಕ್ಕೆ ಬೆರಳು ತೂರಿಸಿ, ಕೆಟ್ಟಿದ್ದ ಮೈಟ್ರಲ್ ಕವಾಟವನ್ನು ಸಡಿಲಿಸಿದರು. ಹುಡುಗಿ ಬದುಕಿದಳು. ಆದರೆ ಆಮೇಲೆ ಯಾವ ವೈದ್ಯರೂ ಅವರ ಬಳಿ ಇಂಥ ಇನ್ನೊಬ್ಬ ರೋಗಿಯನ್ನು ಕಳಿಸಲೇ ಇಲ್ಲ! ರೋಗ ಇರೋದು ಹೃದಯದ ಸ್ನಾಯುವಿನಲ್ಲಿ, ಕವಾಟ ಮುಟ್ಟಿ ಏನು ಪ್ರಯೋಜನ ಅನ್ನೋದು ಆಗಿನ ನಂಬಿಕೆ. 1948ರಲ್ಲಿ ಅಮೆರಿಕದ ಬೇಲಿ, ಹಾರ್ಕನ್ ಮತ್ತೆ ಕೈ ಹಾಕೋವರೆಗೆ 23 ವರ್ಷ ಕಳೆದುಹೋಯ್ತು.

ಇದಕ್ಕೂ ಗುಬ್ಬಿ, ಕುಣಿಗಲ್‌ಗೂ ಏನು ಸಂಬಂಧ ಅಂತೀರಾ? ನಮ್ಮ ಕಡೆ ಕವಾಟ ಕೆಡೋದಕ್ಕೆ ವಯಸ್ಸೇ ಆಗಬೇಕಿಲ್ಲ. ಚಿಕ್ಕಂದಿನಲ್ಲಿ ಗಂಟಲು ನೋವು, ಅದರ ಹಿಂದೆ ರುಮ್ಯಾಟಿಕ್ ಜ್ವರ, ಎಷ್ಟೋ ವರ್ಷ ಬಿಟ್ಟು ಕವಾಟದ ಅಂಚುಗಳು ಅಂಟಿಕೊಳ್ತವೆ. ಹೆಂಗಸರಲ್ಲೇ ಜಾಸ್ತಿ. ಕೆಲವರಿಗೆ ಗೊತ್ತಾಗೋದು ಬಸುರಿಯಾಗಿ ಉಸಿರು ಕಟ್ಟಿದಾಗ.

1960ರಿಂದ ಕೃತಕ ಕವಾಟ ಬಂತು. 1990ರಲ್ಲಿ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆ ನಮ್ಮದೇ ಅಗ್ಗದ ಕವಾಟ ಅಳವಡಿಸಿತು. ಆದರೆ ಇಂಥ ಯಾಂತ್ರಿಕ ಕವಾಟ ಹಾಕಿದರೆ ಜೀವನಪೂರ್ತಿ ವಾರ್ಫರಿನ್ ಮಾತ್ರೆ, ಆಗಾಗ ರಕ್ತಪರೀಕ್ಷೆ. ಆ ಮಾತ್ರೆ ಹೊಟ್ಟೆಯಲ್ಲಿರೋ ಮಗುವಿಗೆ ಅಪಾಯ. ಪ್ರಾಣಿ ಅಂಗಾಂಶದ ಕವಾಟಕ್ಕೆ ಸಾಮಾನ್ಯವಾಗಿ ಆ ಕಾಟ ಇಲ್ಲ, ಆದರೆ ಚಿಕ್ಕ ವಯಸ್ಸಿನವರಲ್ಲಿ ಬೇಗ ಸವೆಯುತ್ತೆ, ಮತ್ತೆ ಆಪರೇಷನ್. ಗುಬ್ಬಿ ಕಡೆಯ ಹಳ್ಳಿಯಲ್ಲಿ ಕೂಲಿಗೆ ಹೋಗುವ, ಇನ್ನೂ ಮಗು ಬೇಕೆನ್ನುವ ಹೆಣ್ಣುಮಗಳಿಗೆ ಯಾವುದು ಸರಿ? ಎಕೋ ರಿಪೋರ್ಟ್ ಒಂದೇ ಇದನ್ನು ಹೇಳೋದಿಲ್ಲ. ಅವಳನ್ನೂ ಕೇಳಬೇಕು. ಎಷ್ಟು ಮನೆಗಳಲ್ಲಿ ಕೇಳ್ತಾರೆ?

ಅದಕ್ಕೇ ನನಗೆ 1984 ದೊಡ್ಡ ವರ್ಷ ಅನ್ನಿಸೋದು. ಜಪಾನಿನ ಕಾಂಜಿ ಇನೌಯೆ ತೊಡೆಯ ರಕ್ತನಾಳದಿಂದ ಬಲೂನ್ ಸಾಗಿಸಿ ಕವಾಟ ಬಿಡಿಸುವ ವಿಧಾನ ಪ್ರಕಟಿಸಿದರು. ಎದೆ ಸೀಳೋದು ಬೇಡ, ಲೋಹವೂ ಬೇಡ. ನಾನು ತುಮಕೂರಿನವನು, ನಮ್ಮಲ್ಲಿ ಹೃದಯದ ಕಾಯಿಲೆ ಅಂದ್ರೆ '70 ಕಿಲೋಮೀಟರ್ ತಾನೇ, ಜಯದೇವಕ್ಕೆ ಕರ್ಕೊಂಡು ಹೋಗಿ' ಅಂತಾರೆ. ಬೆಂಗಳೂರಿನ ಆ ಆಸ್ಪತ್ರೆಯಲ್ಲಿ ಡಾ. ಸಿ.ಎನ್. ಮಂಜುನಾಥ್ ಈ ಬಲೂನ್ ಚಿಕಿತ್ಸೆಗೇ ಹೆಸರಾದವರು. (2024ರಲ್ಲಿ ಅವರು ಸಂಸದರಾದ ಕ್ಷೇತ್ರದಲ್ಲಿ ಕುಣಿಗಲ್ ಕೂಡ ಇದೆ. ಆ ರಾಜಕೀಯ ಇನ್ನೊಂದು ಎಪಿಸೋಡಿಗೆ.)

ಹಾಗಂತ ಎಲ್ಲರಿಗೂ ಬಲೂನ್ ಆಗಲ್ಲ. ಕವಾಟ ಸುಣ್ಣಗಟ್ಟಿದ್ದರೆ, ಜೋರಾಗಿ ಸೋರುತ್ತಿದ್ದರೆ, ಒಳಗೆ ರಕ್ತ ಹೆಪ್ಪುಗಟ್ಟಿದ್ದರೆ ಬೇರೆ ದಾರಿ. ಬಲೂನ್ ಆದವರಿಗೂ ಮೂರ್ನಾಲ್ಕು ವಾರಕ್ಕೊಮ್ಮೆ ಪೆನಿಸಿಲಿನ್ ಇಂಜೆಕ್ಷನ್ ವರ್ಷಗಟ್ಟಲೆ ಬೇಕಾಗಬಹುದು. ಉಸಿರು ಸರಾಗವಾದ ಕೂಡಲೇ ಬಿಟ್ಟುಬಿಡೋದು ಅದನ್ನೇ.